ಕಾರು ವಿಮೆ ಮತ್ತು ಕುಟುಂಬದ ಹಡಗು ಪ್ರವಾಸ: ದುಡ್ಡು ಕಟ್ಟುವ ಮೊದಲು ಮಾಡಬೇಕಾದ ಕೆಲಸಗಳು

ಕೆಲವು ವರ್ಷಗಳ ಹಿಂದೆ ಹತ್ತು ದಿನದ ಹಡಗು ಪ್ರವಾಸ ಮುಗಿಸಿ ನಾವು ಬಂದರಿನಲ್ಲಿ ಇಳಿದೆವು. ಕಾರು ಅಲ್ಲೇ ಪಾರ್ಕಿಂಗ್‌ನಲ್ಲಿತ್ತು. ಬ್ಯಾಗುಗಳನ್ನೆಲ್ಲ ಡಿಕ್ಕಿಗೆ ತುಂಬಿ ಆಯಿತು. ಆಗ ನನ್ನ ಹೆಂಡತಿ ಫೋನಿಗೆ ಬಂದಿದ್ದ ಹಳೆಯ ಮೆಸೇಜ್‌ಗಳನ್ನು ನೋಡುತ್ತಾ ಕೇಳಿದಳು: "ಕಾರಿನ ಇನ್ಶೂರೆನ್ಸ್ ಮುಗಿದು ನಾಲ್ಕು ದಿನ ಆಯ್ತಲ್ಲ, ಗೊತ್ತಾ?"

ಗೊತ್ತಿರಲಿಲ್ಲ. ನೆನಪಿಸುವ ಮೆಸೇಜ್ ಬಂದಾಗ ನಾವು ಸಮುದ್ರದ ಮಧ್ಯೆ ಇದ್ದೆವು, ಫೋನ್ ಬ್ಯಾಗಿನಲ್ಲಿತ್ತು. ವಿಮೆ ಇಲ್ಲದ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ. ಪಾಲಿಸಿ ನಡುವೆ ನಿಂತು ಹೋಗಿದ್ದರಿಂದ ಕಾರನ್ನು ಮತ್ತೆ ತಪಾಸಣೆ ಮಾಡಬೇಕು ಎಂದು ವಿಮೆ ಕಂಪನಿಯವರು ಹೇಳಿದರು. ಡಿಕ್ಕಿಗೆ ತುಂಬಿದ್ದನ್ನೆಲ್ಲ ಇಳಿಸಿ, ಮಕ್ಕಳನ್ನು ಕರೆದುಕೊಂಡು ಬಸ್ಸಿನಲ್ಲಿ ಮನೆಗೆ ಬಂದೆವು. ಮೂರು ದಿನ ಬಿಟ್ಟು ಹೋಗಿ ಕಾರು ತಂದೆ.

ಅಂದಿನಿಂದ ಕಾರು ವಿಮೆಯನ್ನೂ ಪ್ರವಾಸವನ್ನೂ ಒಂದೇ ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಬರೆಯುತ್ತಾ ಹೋದ ಹಾಗೆ ಎರಡಕ್ಕೂ ಒಂದು ಹೋಲಿಕೆ ಕಾಣಿಸಿತು. ಮೊದಲು ಕಣ್ಣಿಗೆ ಬೀಳುವ ಬೆಲೆಯೇ ಬೇರೆ, ಕೊನೆಗೆ ಕೈ ಬಿಡುವ ದುಡ್ಡೇ ಬೇರೆ. ವ್ಯತ್ಯಾಸ ಎಲ್ಲಿ ಅಡಗಿದೆ ಅಂದರೆ, "ಇವು ಇದರಲ್ಲಿ ಸೇರಿಲ್ಲ" ಎಂದು ಬರೆದ ಪುಟದಲ್ಲಿ. ಆ ಪುಟವನ್ನು ಮೊದಲು ಓದಿ ಎಂದು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಹಂತ 1: ತಾರೀಖುಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ

ಕಾರು ವಿಮೆ ಮುಗಿಯುವ ದಿನ. ಎಲ್ಲರ ಪಾಸ್‌ಪೋರ್ಟ್ ಮುಗಿಯುವ ದಿನ. ಚಾಲನಾ ಪರವಾನಗಿ ಮುಗಿಯುವ ದಿನ. ಹಡಗು ಹೊರಡುವ ಮತ್ತು ವಾಪಸ್ ಬರುವ ದಿನ. ಪ್ರವಾಸದ ಪೂರ್ತಿ ಹಣ ಕಟ್ಟಲು ಕೊನೆಯ ದಿನ, ಇದು ಸಾಮಾನ್ಯವಾಗಿ ಹೊರಡುವುದಕ್ಕೆ ಸುಮಾರು ಮೂರು ತಿಂಗಳು ಮೊದಲು ಬರುತ್ತದೆ. ಇಷ್ಟನ್ನು ಒಟ್ಟಿಗೆ ನೋಡಿದರೆ ಎಲ್ಲಿ ಒಂದರ ಮೇಲೊಂದು ಬೀಳುತ್ತವೆ ಎಂದು ತಕ್ಷಣ ಗೊತ್ತಾಗುತ್ತದೆ. ಕಾರು ವಿಮೆ ಪ್ರವಾಸದ ನಡುವೆ ಮುಗಿಯುವುದಾದರೆ ಹೊರಡುವ ಮೊದಲೇ ರಿನೀವಲ್ ಮಾಡಿಸಿ. ಹೊಸ ಪಾಲಿಸಿ ಹಳೆಯದು ಮುಗಿದ ದಿನದಿಂದಲೇ ಶುರುವಾಗುತ್ತದೆ, ಬೇಗ ಮಾಡಿಸಿದರೆ ದಿನಗಳೇನೂ ಕಳೆದುಹೋಗುವುದಿಲ್ಲ.

ಹಂತ 2: ಯಾವ ನಷ್ಟ ನಿಮ್ಮಿಂದ ತಡೆದುಕೊಳ್ಳಲು ಆಗುವುದಿಲ್ಲ?

ವಿಮೆ ಕೊಳ್ಳುವಾಗ ಹೆಚ್ಚಿನವರು "ಯಾವುದು ಕಡಿಮೆ?" ಎಂದು ಶುರು ಮಾಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಈಗ ಬೇರೆ ಪ್ರಶ್ನೆ ಕೇಳಿಕೊಳ್ಳುತ್ತೇನೆ: ನಾಳೆ ಏನಾದರೂ ಆದರೆ ಯಾವ ಖರ್ಚು ನನ್ನ ಉಳಿತಾಯವನ್ನೇ ನುಂಗಿ ಹಾಕುತ್ತದೆ?

ಅದಕ್ಕೆ ಉತ್ತರ ನನ್ನ ಕಾರಲ್ಲ. ಎದುರಿಗಿದ್ದವರಿಗೆ ಆಗುವ ಗಾಯ, ಸಾವು, ಅವರ ವಾಹನ ಮತ್ತು ಆಸ್ತಿಗೆ ಆಗುವ ಹಾನಿ. ಇದಕ್ಕೇ ಥರ್ಡ್ ಪಾರ್ಟಿ ವಿಮೆ ಇರುವುದು. ಬ್ರಿಟನ್ 1930ರಲ್ಲೇ ಗಾಯ ಮತ್ತು ಸಾವಿನ ಮಟ್ಟಿಗೆ ಇದನ್ನು ಕಾನೂನಿನಿಂದ ಕಡ್ಡಾಯ ಮಾಡಿತು, ಈಗ ಬಹುತೇಕ ದೇಶಗಳಲ್ಲಿ ಕಡ್ಡಾಯ. ಕೆಲವು ಕಡೆ ಇದಕ್ಕೆ ಒಂದು ಮಿತಿ ಇರುತ್ತದೆ, ಮಿತಿ ದಾಟಿದ್ದನ್ನು ನೀವೇ ಕೊಡಬೇಕು. ಹಾಗಿದ್ದರೆ ಕಾನೂನು ಕೇಳುವ ಕನಿಷ್ಠ ಮಿತಿಗೆ ನಿಲ್ಲಬೇಡಿ. ಮಿತಿ ಹೆಚ್ಚಿಸಲು ಸೇರುವ ಪ್ರೀಮಿಯಂ ಸಾಮಾನ್ಯವಾಗಿ ತುಂಬಾ ಕಡಿಮೆ.

ಆಮೇಲೆ ನಿಮ್ಮ ಸ್ವಂತ ಕಾರಿನ ಮಾತು. ಅಪಘಾತ, ಕಳ್ಳತನ, ಬೆಂಕಿ, ಪ್ರವಾಹ ಎಲ್ಲವನ್ನೂ ಸೇರಿಸಿಕೊಳ್ಳುವುದು ಕಾಂಪ್ರೆಹೆನ್ಸಿವ್ ಪಾಲಿಸಿ. ಕೆಲವು ದೇಶಗಳಲ್ಲಿ ಕಾರು ಡಿಕ್ಕಿ ಹೊಡೆದು ಆಗುವ ಹಾನಿಯ ವಿಮೆಯನ್ನು ಬೇರೆಯಾಗಿಯೇ ಮಾರುತ್ತಾರೆ, ಹೆಸರು ನೋಡಿ ಮೋಸ ಹೋಗಬೇಡಿ. ಹೊಸ ಕಾರು, ಸಾಲದ ಕಾರು ಇದ್ದರೆ ಪೂರ್ತಿ ರಕ್ಷಣೆ ಬೇಕೇ ಬೇಕು. ಹಳೆಯ ಕಾರಿಗೆ ಯೋಚನೆ ಮಾಡಿ. ಪೂರ್ತಿ ನಷ್ಟವಾದರೂ ಕಂಪನಿ ಕೊಡುವುದು ಆ ಹೊತ್ತಿನ ಮಾರುಕಟ್ಟೆ ಬೆಲೆ ಅಥವಾ ಪಾಲಿಸಿಯಲ್ಲಿ ಬರೆದ ಬೆಲೆ ಮಾತ್ರ. ಆ ಬೆಲೆಗೂ ವರ್ಷದ ಪ್ರೀಮಿಯಂಗೂ ಹೆಚ್ಚು ಅಂತರ ಉಳಿದಿಲ್ಲ ಎಂದಾದರೆ ಸ್ವಂತ ಕಾರಿನ ಭಾಗವನ್ನು ಬಿಟ್ಟುಬಿಡಬಹುದು.

ಇಲ್ಲಿ ಒಂದು ಎಚ್ಚರಿಕೆ. ಪ್ರೀಮಿಯಂ ಕಡಿಮೆ ತೋರಿಸಲು ಕಾರಿನ ಬೆಲೆಯನ್ನೇ ಕಡಿಮೆ ಬರೆದಿರುವ ಕೋಟ್‌ಗಳು (ಕಂಪನಿಗಳು ಕೊಡುವ ದರಪಟ್ಟಿ) ಬರುತ್ತವೆ. ನೋಡಲು ಅಗ್ಗ. ಕಾರು ಕಳ್ಳತನವಾದ ದಿನ ಕೈಗೆ ಸಿಗುವ ದುಡ್ಡೂ ಅಷ್ಟೇ ಅಗ್ಗವಾಗಿರುತ್ತದೆ.

ಹಂತ 3: ಡಿಡಕ್ಟಿಬಲ್ ಲೆಕ್ಕವನ್ನು ಕೈಯಲ್ಲೇ ಹಾಕಿ

ಪ್ರತಿ ಕ್ಲೇಮ್‌ನಲ್ಲಿ ಮೊದಲು ನಿಮ್ಮ ಜೇಬಿನಿಂದ ಹೋಗುವ ಮೊತ್ತಕ್ಕೆ ಡಿಡಕ್ಟಿಬಲ್ ಅನ್ನುತ್ತಾರೆ, ಕೆಲವು ಕಡೆ ಎಕ್ಸೆಸ್ ಎಂದೂ ಕರೆಯುತ್ತಾರೆ. ಅದನ್ನು ಹೆಚ್ಚಿಸಿಕೊಂಡರೆ ಪ್ರೀಮಿಯಂ ಇಳಿಯುತ್ತದೆ. ಎಷ್ಟು ಹೆಚ್ಚಿಸಬೇಕು?

ಉದಾಹರಣೆಗೆ, ಡಿಡಕ್ಟಿಬಲ್ 400ರಷ್ಟು ಹೆಚ್ಚಿಸಿದರೆ ವರ್ಷಕ್ಕೆ 40 ಉಳಿಯುತ್ತದೆ ಅಂದುಕೊಳ್ಳಿ. ಅಂದರೆ ಹತ್ತು ವರ್ಷ ಕ್ಲೇಮ್ ಇಲ್ಲದೆ ಓಡಿಸಿದರೆ ಮಾತ್ರ ನೀವು ಗೆದ್ದಿರಿ. ಅದೇ 100 ಉಳಿದರೆ ನಾಲ್ಕೇ ವರ್ಷ. ಎರಡನೆಯದು ಒಳ್ಳೆಯ ವ್ಯಾಪಾರ, ಮೊದಲನೆಯದು ಸುಮ್ನೆ ಅಪಾಯ. ಆದರೆ ಆ 400 ಬ್ಯಾಂಕಿನಲ್ಲಿ ಇರಬೇಕು. ಪ್ರವಾಸಕ್ಕೆ ಎಂದು ಎತ್ತಿಟ್ಟ ದುಡ್ಡನ್ನು ಇದಕ್ಕೂ ಲೆಕ್ಕ ಹಿಡಿಯಬೇಡಿ. ಒಂದೇ ಗಂಟನ್ನು ಎರಡು ಕಡೆ ತೋರಿಸಿದ ಹಾಗಾಗುತ್ತದೆ, ಅಲ್ವಾ?

ಹಂತ 4: ಕೋಟ್‌ಗಳನ್ನು ಹೋಲಿಸುವ ಬಗೆ

ಕನಿಷ್ಠ ಮೂರು ಕಂಪನಿಗಳಿಂದ ಕೋಟ್ ತೆಗೆದುಕೊಳ್ಳಿ. ಮೂರಕ್ಕೂ ಕಾರಿನ ಬೆಲೆ, ಡಿಡಕ್ಟಿಬಲ್, ಮಿತಿ, ಆಡ್-ಆನ್ (ಹೆಚ್ಚು ದುಡ್ಡು ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆ) ಎಲ್ಲ ಒಂದೇ ಇರಬೇಕು. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಹಳೆಯ ಗ್ರಾಹಕ ಎಂದು ನಿಮಗೆ ಕಡಿಮೆ ಬೆಲೆ ಸಿಗುತ್ತದೆ ಎಂದು ನಂಬಬೇಡಿ. ಬ್ರಿಟನ್ನಿನಲ್ಲಿ ಇದು ಎಷ್ಟು ದೊಡ್ಡ ಸಮಸ್ಯೆಯಾಗಿತ್ತು ಅಂದರೆ, ರಿನೀವಲ್ ಮಾಡಿಸುವವರಿಂದ ಹೊಸ ಗ್ರಾಹಕರಿಗಿಂತ ಜಾಸ್ತಿ ವಸೂಲಿ ಮಾಡಬಾರದು ಎಂದು ಅಲ್ಲಿನ ಹಣಕಾಸು ನಿಯಂತ್ರಕರು 2022ರ ಜನವರಿಯಿಂದ ನಿಯಮವನ್ನೇ ತರಬೇಕಾಯಿತು. ಅಂಥ ನಿಯಮ ಇಲ್ಲದ ಕಡೆ ಪ್ರತಿ ವರ್ಷ ಬೆಲೆ ಕೇಳುವುದು ನಿಮ್ಮದೇ ಕೆಲಸ. ಕಂಪನಿ ಬದಲಿಸಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಹೋಗುತ್ತದೆ ಎಂಬ ಭಯ ಹಲವರಿಗಿದೆ. ಸಾಮಾನ್ಯವಾಗಿ ಹೋಗುವುದಿಲ್ಲ. ಹಳೆಯ ಕಂಪನಿಯಿಂದ ಅದಕ್ಕೊಂದು ಪತ್ರ ಪಡೆದು ಹೊಸಬರಿಗೆ ಕೊಟ್ಟರೆ ಸಾಕು. ಪಾಲಿಸಿ ಬಹಳ ದಿನ ನಿಂತುಹೋದರೆ ಮಾತ್ರ ಕಷ್ಟ.

ಕಂತಿನಲ್ಲಿ ಕಟ್ಟುವುದಕ್ಕಿಂತ ಒಂದೇ ಸಲ ಕಟ್ಟಿದರೆ ಹೆಚ್ಚಿನ ಕಡೆ ಕಡಿಮೆ ಬೀಳುತ್ತದೆ. ಕಂತಿನಲ್ಲಿ ಬಡ್ಡಿ ಸೇರಿರುತ್ತದೆ.

ಫಾರಂ ತುಂಬುವಾಗ ಸುಳ್ಳು ಬೇಡ. ಕಾರನ್ನು ಮಗ ಓಡಿಸುತ್ತಾನೆ ಎಂದಾದರೆ ಅವನ ಹೆಸರು ಬರೆಯಿರಿ. ಬಾಡಿಗೆಗೆ ಓಡಿಸುತ್ತೀರಾದರೆ ಅದನ್ನೂ ಬರೆಯಿರಿ. ಅಲಾಯ್ ಚಕ್ರ, ಗ್ಯಾಸ್ ಕಿಟ್ ಹಾಕಿಸಿದ್ದರೆ ತಿಳಿಸಿ. ಮುಚ್ಚಿಟ್ಟು ಉಳಿಸಿದ ಸ್ವಲ್ಪ ದುಡ್ಡಿಗೆ ಇಡೀ ಕ್ಲೇಮ್ ತಿರಸ್ಕಾರವಾದ ಮನೆಗಳನ್ನು ನೋಡಿದ್ದೇನೆ. ಆ ಸಂಕಟ ಯಾರಿಗೂ ಬೇಡ.

ಹಂತ 5: "ಸೇರಿಲ್ಲ" ಎನ್ನುವ ಪುಟ

ಇಲ್ಲಿ ನಿಧಾನ ಮಾಡಿ. ಒಂದು ಕಪ್ ಕಾಫಿ ಮುಗಿಯುವಷ್ಟು ಹೊತ್ತು ಸಾಕು.

ಮೊದಲು ಸವಕಳಿ ನೋಡಿ, ಅಂದರೆ ಭಾಗಗಳು ಹಳೆಯದಾದ ಹಾಗೆ ಅವುಗಳ ಬೆಲೆಯಲ್ಲಿ ಕಳೆಯುವ ಮೊತ್ತ. ನಮ್ಮ ಕಾರಿನ ಹಿಂದಿನ ಬಂಪರ್ ಒಡೆದಾಗ ಗ್ಯಾರೇಜ್ ಬಿಲ್ಲಿನ ಅರ್ಧದಷ್ಟೂ ಕಂಪನಿಯಿಂದ ಬರಲಿಲ್ಲ. ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಸವಕಳಿ ಕಳೆಯಲಾಗುವುದು ಎಂದು ಪಾಲಿಸಿಯಲ್ಲಿ ಮೊದಲೇ ಬರೆದಿತ್ತು. ನಾನು ಓದಿರಲಿಲ್ಲ. ನಿಮ್ಮ ಪಾಲಿಸಿಯಲ್ಲೂ ಹೀಗೆ ಕಳೆಯುತ್ತಾರಾದರೆ, ಕಾರು ಹೊಸದಿರುವಷ್ಟು ವರ್ಷ ಸವಕಳಿ ಕಳೆಯದ ಆಡ್-ಆನ್‌ಗೆ ದುಡ್ಡು ಕೊಡುವುದು ಸರಿ ಎಂಬುದು ನನ್ನ ಅನುಭವ.

ಎರಡನೆಯದು ನೀರು. ರಸ್ತೆ ಮೇಲೆ ನೀರು ನಿಂತು ಎಂಜಿನ್ ಆಫ್ ಆದಾಗ ಗಾಬರಿಯಲ್ಲಿ ಮತ್ತೆ ಮತ್ತೆ ಕೀ ತಿರುಗಿಸುತ್ತೇವೆ. ಸಿಲಿಂಡರ್ ಒಳಗೆ ನೀರು ಹೋಗಿರುತ್ತದೆ. ಗಾಳಿಯ ಹಾಗೆ ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಅದರಿಂದ ಒಳಗಿನ ರಾಡು ಬಾಗುತ್ತದೆ, ಎಂಜಿನ್ ಕೆಡುತ್ತದೆ. ಇದನ್ನು ಓಡಿಸಿದವರದೇ ತಪ್ಪು ಎಂದು ಹೊರಗಿಡುವ ಪಾಲಿಸಿಗಳು ಬಹಳ. ಎಂಜಿನ್ ಆಡ್-ಆನ್ ಇರಲಿ, ಇಲ್ಲದಿರಲಿ, ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಬೇಡಿ. ಎಳೆಸಿಕೊಂಡು ಹೋಗಿ.

ಉಳಿದವು ಬೇಗ ಓದಿ ಮುಗಿಸಬಹುದು: ಕುಡಿದು ಓಡಿಸಿದ್ದು, ಪರವಾನಗಿ ಇಲ್ಲದವರು ಓಡಿಸಿದ್ದು, ಟಯರ್ ಸವೆತ, ಕಾರಿನ ಒಳಗಿಟ್ಟ ಸಾಮಾನು. ಈ ಕೊನೆಯದನ್ನು ಪ್ರವಾಸ ಹೊರಡುವವರು ನೆನಪಿಡಬೇಕು. ಕಿಟಕಿ ಒಡೆದು ಲ್ಯಾಪ್‌ಟಾಪ್ ಕದ್ದರೆ, ಕಿಟಕಿಗೆ ದುಡ್ಡು ಬರಬಹುದು, ಲ್ಯಾಪ್‌ಟಾಪ್‌ಗೆ ಸಾಮಾನ್ಯವಾಗಿ ಬರುವುದಿಲ್ಲ.

ಹಂತ 6: ಹಡಗು ಪ್ರವಾಸದ ನಿಜವಾದ ಬೆಲೆ

ಈಗ ಸಮುದ್ರದ ಕಡೆ ಬರೋಣ. ಜಾಹೀರಾತಿನಲ್ಲಿ ಕಾಣುವ ದರ ಒಬ್ಬರಿಗೆ, ಅದೂ ಒಂದು ಕ್ಯಾಬಿನ್‌ನಲ್ಲಿ (ಹಡಗಿನ ಕೋಣೆ) ಇಬ್ಬರು ಇದ್ದರೆ. ಒಬ್ಬರೇ ಹೋದರೆ ಹೆಚ್ಚಾಗಿ ಎರಡನೆಯವರ ದರವನ್ನೂ ನೀವೇ ಕಟ್ಟುತ್ತೀರಿ. ತಾಯಿ ಮತ್ತು ಒಂದು ಮಗು ಹೋದರೆ ಆ ಮಗುವನ್ನು ಎರಡನೇ ಪ್ರಯಾಣಿಕ ಎಂದೇ ಲೆಕ್ಕ ಹಿಡಿಯುವುದು ಸಾಮಾನ್ಯ, ಅಂದರೆ ದೊಡ್ಡವರ ದರ. ಅದೇ ಕ್ಯಾಬಿನ್‌ನ ಮೂರನೇ, ನಾಲ್ಕನೇ ಪ್ರಯಾಣಿಕರಿಗೆ ದರ ಬಹಳ ಇಳಿಯುತ್ತದೆ. ನಾಲ್ಕು ಜನರ ಕುಟುಂಬಕ್ಕೆ ಹಡಗು ಲಾಭ ಎನ್ನುವುದು ಇದೇ ಕಾರಣಕ್ಕೆ.

ಆ ದರಕ್ಕೆ ಇವನ್ನೆಲ್ಲ ಸೇರಿಸಿ ಬರೆಯಿರಿ: ಬಂದರಿನ ತೆರಿಗೆ ಮತ್ತು ಶುಲ್ಕ, ಪ್ರತಿಯೊಬ್ಬರಿಗೂ ದಿನದ ಲೆಕ್ಕದಲ್ಲಿ ತಾನಾಗಿಯೇ ಸೇರುವ ಟಿಪ್ಸ್, ವೈ-ಫೈ, ಪಾನೀಯ, ವಿಶೇಷ ಊಟದ ಹೋಟೆಲ್‌ಗಳು, ಫೋಟೋ, ದಡದಲ್ಲಿ ಸುತ್ತಾಟ, ಬಂದರಿನವರೆಗಿನ ಪ್ರಯಾಣ, ಹಿಂದಿನ ರಾತ್ರಿಯ ರೂಮು, ಪಾರ್ಕಿಂಗ್, ಪ್ರವಾಸ ವಿಮೆ. ಟಿಪ್ಸ್ ಮಗುವಿಗೂ ಬೀಳುತ್ತದೆ ಎಂದು ನನಗೆ ಮೊದಲ ಸಲ ಕೊನೆಯ ಬಿಲ್ಲು ಬಂದಾಗಲೇ ಗೊತ್ತಾಗಿದ್ದು. ಇದಿಷ್ಟೂ ಕೂಡಿದ ಮೇಲೆ ಬರುವ ಮೊತ್ತವನ್ನು ಜನ ಮತ್ತು ದಿನಗಳಿಂದ ಭಾಗಿಸಿ. ಆ ಒಂದು ಸಂಖ್ಯೆಯನ್ನು ಬೇರೆ ಹಡಗಿನ ಜೊತೆಗೂ ಹೋಲಿಸಬಹುದು, ನೆಲದ ಮೇಲಿನ ಪ್ರವಾಸದ ಜೊತೆಗೂ ಹೋಲಿಸಬಹುದು. ಎಷ್ಟೋ ಸಲ "ದುಬಾರಿ" ಹಡಗೇ ಅಗ್ಗವಾಗಿ ಬಂದಿದೆ, ಏಕೆಂದರೆ ಅದರ ದರದಲ್ಲಿ ಎಲ್ಲ ಸೇರಿತ್ತು.

ಕಾಲ ನೋಡಿ ಬುಕ್ ಮಾಡಿ. ಜನವರಿಯಿಂದ ಮಾರ್ಚ್‌ವರೆಗೆ ಕಂಪನಿಗಳು ಹೆಚ್ಚು ಆಫರ್ ಕೊಡುತ್ತವೆ, ಈ ವ್ಯಾಪಾರದವರು ಅದನ್ನು ವೇವ್ ಸೀಸನ್ ಎನ್ನುತ್ತಾರೆ. ವಸಂತದಲ್ಲಿ ಮತ್ತು ಚಳಿಗಾಲಕ್ಕೆ ಮುಂಚೆ ಹಡಗುಗಳು ಕೆರಿಬಿಯನ್‌ನಿಂದ ಯೂರೋಪಿಗೆ, ಮತ್ತೆ ಅಲ್ಲಿಂದ ಕೆರಿಬಿಯನ್‌ಗೆ ಜಾಗ ಬದಲಿಸುತ್ತವೆ. ಆ ಪ್ರಯಾಣಗಳು ಅಗ್ಗ, ಆದರೆ ಒಂದರ ಹಿಂದೊಂದು ದಿನ ಬರೀ ನೀರು. ಸಣ್ಣ ಮಕ್ಕಳಿದ್ದರೆ ನಾನು ಬೇಡ ಎನ್ನುತ್ತೇನೆ. ಅಟ್ಲಾಂಟಿಕ್ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆ ತಿಂಗಳುಗಳಲ್ಲಿ ಕೆರಿಬಿಯನ್ ದರ ಇಳಿದಿರುವುದಕ್ಕೆ ಅದೂ ಒಂದು ಕಾರಣ. ಹಡಗು ಚಂಡಮಾರುತದ ದಾರಿ ತಪ್ಪಿಸಿ ಹೋಗುತ್ತದೆ, ಭಯ ಬೇಡ. ಆದರೆ ನೀವು ನೋಡಬೇಕೆಂದಿದ್ದ ದ್ವೀಪ ಬಿಟ್ಟುಹೋಗಬಹುದು. ಮಾರ್ಗ ಬದಲಿಸುವ ಹಕ್ಕು ಕಂಪನಿಗಿದೆ ಎಂದು ಕರಾರಿನಲ್ಲೇ ಇರುತ್ತದೆ. ವಾಪಸ್ ಬರುವುದು ಹೆಚ್ಚೆಂದರೆ ಆ ಬಂದರಿನ ಶುಲ್ಕ.

ಹಂತ 7: ಕ್ಯಾಬಿನ್

ಸಮುದ್ರ ವಾಂತಿ ಬರುವವರಿದ್ದರೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ (ಹಡಗಿನ ಅಂತಸ್ತು) ಕ್ಯಾಬಿನ್ ತೆಗೆದುಕೊಳ್ಳಿ. ಓಲಾಟ ಅಲ್ಲಿ ಎಲ್ಲಕ್ಕಿಂತ ಕಡಿಮೆ. ಮಕ್ಕಳಾಡುವ ಸೀಸಾ ಹಲಗೆಯ ಹಾಗೆ, ತುದಿಗಳು ಹೆಚ್ಚು ಆಡುತ್ತವೆ, ನಡು ಕಡಿಮೆ. ಡೆಕ್ ನಕ್ಷೆ ತೆರೆದು ನಿಮ್ಮ ಕ್ಯಾಬಿನ್‌ನ ಮೇಲೆ ಕೆಳಗೆ ಏನಿದೆ ನೋಡಿ. ಮೇಲೆ ಈಜುಕೊಳ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು. ಕೆಳಗೆ ಥಿಯೇಟರ್ ಇದ್ದರೆ ರಾತ್ರಿ ಹಾಡು. ಮೇಲೆ ಕೆಳಗೆ ಎರಡೂ ಕ್ಯಾಬಿನ್‌ಗಳೇ ಇದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ.

"ಕ್ಯಾಬಿನ್ ನಂಬರ್ ಆಮೇಲೆ ತಿಳಿಸುತ್ತೇವೆ" ಎನ್ನುವ ಗ್ಯಾರಂಟಿ ದರ ಅಗ್ಗ. ಇಬ್ಬರಿಗೆ ಪರವಾಗಿಲ್ಲ. ಎರಡು ಕ್ಯಾಬಿನ್ ಬೇಕಾದ ಕುಟುಂಬಕ್ಕೆ ಬೇಡ, ಮಕ್ಕಳು ಒಂದು ತುದಿಗೆ, ನೀವು ಇನ್ನೊಂದು ತುದಿಗೆ ಬೀಳಬಹುದು. ಒಳಗಿನಿಂದಲೇ ಬಾಗಿಲು ಇರುವ ಜೋಡಿ ಕ್ಯಾಬಿನ್ ಕೇಳಿ, ಅವು ಬೇಗ ಖಾಲಿಯಾಗುತ್ತವೆ. ಬಾಲ್ಕನಿಗೆ ಜಾಸ್ತಿ ದುಡ್ಡು ಕೊಡುವುದು ಮಗು ಮಧ್ಯಾಹ್ನ ಮಲಗುವ ವಯಸ್ಸಿನದಾಗಿದ್ದರೆ ಸಾರ್ಥಕ. ಅದು ಮಲಗಿದಾಗ ನೀವು ಹೊರಗೆ ಕೂರಬಹುದು.

ವಯಸ್ಸಿನ ನಿಯಮಗಳನ್ನು ಬುಕಿಂಗ್‌ಗೆ ಮೊದಲೇ ನೋಡಿ. ಬಹುತೇಕ ಕಂಪನಿಗಳು 6 ತಿಂಗಳಿಗಿಂತ ಚಿಕ್ಕ ಮಗುವನ್ನು ಹತ್ತಿಸಿಕೊಳ್ಳುವುದಿಲ್ಲ, ಸಾಗರ ದಾಟುವ ಪ್ರಯಾಣಕ್ಕೆ 12 ತಿಂಗಳು. ಪ್ರಯಾಣದ ನಡುವೆ 24 ವಾರ ತುಂಬುವ ಗರ್ಭಿಣಿಯರಿಗೂ ಅವಕಾಶವಿಲ್ಲ. ಮಕ್ಕಳ ಕ್ಲಬ್‌ಗೆ ಸಾಮಾನ್ಯವಾಗಿ 3 ವರ್ಷ ಆಗಿರಬೇಕು, ಡೈಪರ್ ಬಿಟ್ಟಿರಬೇಕು.

ಹಂತ 8: ಕಾಗದಪತ್ರ

ವಾಪಸ್ ಬರುವ ದಿನದಿಂದ ಮುಂದೆ 6 ತಿಂಗಳಾದರೂ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಲಿ, ಹಲವು ದೇಶಗಳು ಇದನ್ನು ಕೇಳುತ್ತವೆ. ಹಡಗು ನಿಲ್ಲುವ ಪ್ರತಿ ದೇಶದ ವೀಸಾ ನಿಯಮ ನೋಡಿ. ಇಳಿಯದೆ ಹಡಗಿನಲ್ಲೇ ಕೂತರೂ ಕೆಲವು ದೇಶಗಳಿಗೆ ವೀಸಾ ಬೇಕು. ಬಹಳ ಜನ ಎಡವುವುದು ಇಲ್ಲಿ: ಬಾರ್ಸಿಲೋನಾದಿಂದ ಹೊರಟು ಟ್ಯುನೀಷಿಯಾ ಮುಟ್ಟಿ ಮತ್ತೆ ಇಟಲಿಗೆ ಬಂದರೆ ನೀವು ಷೆಂಗೆನ್ ಪ್ರದೇಶದಿಂದ (ಒಂದೇ ವೀಸಾ ನಡೆಯುವ ಯೂರೋಪಿನ ದೇಶಗಳ ಗುಂಪು) ಹೊರಹೋಗಿ ಮತ್ತೆ ಒಳಬಂದ ಹಾಗೆ. ಒಂದೇ ಪ್ರವೇಶದ ವೀಸಾ ಸಾಲದು. ತಂದೆ ಅಥವಾ ತಾಯಿ ಒಬ್ಬರೇ ಮಗುವನ್ನು ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ. ಕಾಗದ ಸರಿಯಿಲ್ಲ ಎಂದು ಹತ್ತಿಸದೆ ಬಿಟ್ಟರೆ ಹಣ ವಾಪಸ್ ಬರುವುದಿಲ್ಲ.

ಹಂತ 9: ಪ್ರವಾಸ ವಿಮೆ, ಕಾರು ವಿಮೆಯ ಪಾಠದೊಂದಿಗೆ

ಕಾರು ವಿಮೆಯಲ್ಲಿ ಕೇಳಿದ ಪ್ರಶ್ನೆಯೇ ಇಲ್ಲೂ. ಯಾವ ಖರ್ಚು ತಡೆಯಲು ಆಗದು? ಬ್ಯಾಗ್ ತಡವಾದರೆ ತಡೆದುಕೊಳ್ಳಬಹುದು. ಸಮುದ್ರದ ಮಧ್ಯೆ ಹೃದಯಾಘಾತವಾಗಿ ಹೆಲಿಕಾಪ್ಟರ್ ಬರಬೇಕಾದರೆ ಆಗದು. ಆದ್ದರಿಂದ ಮೊದಲು ವೈದ್ಯಕೀಯ ಸ್ಥಳಾಂತರದ ಮೊತ್ತ ನೋಡಿ, ಆಮೇಲೆ ಆಸ್ಪತ್ರೆ ಖರ್ಚು, ಆಮೇಲೆ ಕ್ಯಾನ್ಸಲ್ ಆದರೆ ಬರುವ ಹಣ. ಹಡಗಿನ ವೈದ್ಯರ ಶುಲ್ಕ ಪ್ರವಾಸದ ದರದಲ್ಲಿ ಸೇರಿಲ್ಲ, ಅಲ್ಲೇ ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕು. ಊರಿನ ಆರೋಗ್ಯ ವಿಮೆ ಹಡಗಿನಲ್ಲಿ ನಡೆಯುವುದು ಅಪರೂಪ.

ಅಪ್ಪ ಅಮ್ಮನಿಗೆ ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡದೆ ಬರೆಯಿರಿ. ಪ್ರವಾಸಕ್ಕೆ ಮೊದಲ ಅಡ್ವಾನ್ಸ್ ಕಟ್ಟಿದ ಎರಡು ಮೂರು ವಾರಗಳೊಳಗೆ ಕೊಂಡರೆ ಮಾತ್ರ ಹಳೆಯ ಕಾಯಿಲೆಗಳನ್ನು ಸೇರಿಸುವ ಪಾಲಿಸಿಗಳಿವೆ. ಹಾಗಾಗಿ ಅಡ್ವಾನ್ಸ್ ಕಟ್ಟಿದ ವಾರವೇ ಈ ಕೆಲಸ ಮುಗಿಸಿ.

ಹಂತ 10: ದಾರಿಯಲ್ಲಿ ಕಾರು, ಬಂದರಿನಲ್ಲಿ ಬಾಡಿಗೆ ಕಾರು

ಹಡಗು ಹೊರಡುವ ಹಿಂದಿನ ದಿನವೇ ಬಂದರಿನ ಊರು ಸೇರಿ. ಟಯರ್ ಪಂಕ್ಚರ್ ಆಯಿತು ಎಂದು ಹಡಗು ಕಾಯುವುದಿಲ್ಲ. ರಸ್ತೆ ನೆರವಿನ ಆಡ್-ಆನ್ ಮನೆಯಿಂದ ಎಷ್ಟು ದೂರದವರೆಗೆ ನಡೆಯುತ್ತದೆ ನೋಡಿ. ದೇಶದ ಗಡಿ ದಾಟುವುದಾದರೆ ನಿಮ್ಮ ವಿಮೆ ಅಲ್ಲಿ ನಡೆಯುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಯೂರೋಪ್ ಮತ್ತು ಸುತ್ತಲಿನ ದೇಶಗಳಲ್ಲಿ 1949ರಿಂದ ಇದಕ್ಕಾಗಿಯೇ ಗ್ರೀನ್ ಕಾರ್ಡ್ ಎಂಬ ವ್ಯವಸ್ಥೆ ಇದೆ.

ದಡದಲ್ಲಿ ಬಾಡಿಗೆ ಕಾರು ತೆಗೆದುಕೊಂಡರೆ ಕೌಂಟರ್‌ನಲ್ಲಿ ದಿನದ ಲೆಕ್ಕದ ವಿಮೆ ಮಾರಲು ನೋಡುತ್ತಾರೆ. ಆ ಗಡಿಬಿಡಿಯಲ್ಲಿ ತೀರ್ಮಾನ ಬೇಡ. ನಿಮ್ಮ ಸ್ವಂತ ಪಾಲಿಸಿ, ಕ್ರೆಡಿಟ್ ಕಾರ್ಡ್, ಪ್ರವಾಸ ವಿಮೆ ಈ ಮೂರರಲ್ಲಿ ಯಾವುದು ಬಾಡಿಗೆ ಕಾರಿಗೆ ನಡೆಯುತ್ತದೆ ಎಂದು ಮನೆಯಲ್ಲೇ ಕೇಳಿಟ್ಟುಕೊಳ್ಳಿ. ಯಾವುದೂ ಇಲ್ಲವಾದರೆ ಕೌಂಟರ್‌ನಲ್ಲೇ ಕೊಳ್ಳಿ, ಬಿಟ್ಟು ಓಡಿಸಬೇಡಿ. ಟಯರ್, ಗಾಜು, ಕಾರಿನ ತಳಭಾಗ ಅದರಲ್ಲೂ ಹೊರಗಿರುತ್ತವೆ ಬಹಳ ಸಲ.

ಇನ್ನೊಂದು ಮಾತು, ಹಡಗಿನ ಗಡಿಯಾರ ಮತ್ತು ದಡದ ಗಡಿಯಾರ ಬೇರೆ ಇರಬಹುದು. ಹಡಗಿನ ಸಮಯವನ್ನೇ ಹಿಡಿಯಿರಿ. ಹಡಗಿನವರೇ ಏರ್ಪಡಿಸಿದ ಸುತ್ತಾಟ ತಡವಾದರೆ ಸಾಮಾನ್ಯವಾಗಿ ಕಾಯುತ್ತಾರೆ. ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ಒಂದು ಬಂದರಿನಲ್ಲಿ ಇಬ್ಬರು ಕೈ ಬೀಸುತ್ತಾ ಓಡಿ ಬರುತ್ತಿರುವಾಗಲೇ ನಮ್ಮ ಹಡಗು ದಡ ಬಿಟ್ಟಿತು. ನೋಡುತ್ತಿದ್ದ ನಮಗೇ ಹೊಟ್ಟೆಯಲ್ಲಿ ಸಂಕಟವಾಯಿತು.

ಹಂತ 11: ಹಡಗಿನ ಮೊದಲ ದಿನ

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಸಮುದ್ರದಲ್ಲಿ ಅದು ಉಪಗ್ರಹದ ಜಾಲಕ್ಕೆ ತಾನಾಗಿಯೇ ಸೇರಿಕೊಂಡರೆ ಬಿಲ್ಲು ನೋಡಿ ತಲೆ ತಿರುಗುತ್ತದೆ.

ಸುರಕ್ಷತಾ ಡ್ರಿಲ್‌ಗೆ (ಅಪಾಯ ಬಂದಾಗ ಏನು ಮಾಡಬೇಕೆಂಬ ತಾಲೀಮು) ಮಕ್ಕಳನ್ನೂ ಕರೆದುಕೊಂಡು ಹೋಗಿ. ಮೊದಲು ಇದನ್ನು ಹಡಗು ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. 2012ರ ಜನವರಿಯಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಎಂಬ ಪ್ರವಾಸಿ ಹಡಗು ಬಂಡೆಗೆ ಬಡಿದು 32 ಜನ ಸತ್ತಾಗ, ಆ ದಿನವಷ್ಟೇ ಹತ್ತಿದ್ದ ಹಲವರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. 2015ರಿಂದ ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಮಾಡಬೇಕು ಎಂದು ಅಂತರರಾಷ್ಟ್ರೀಯ ನಿಯಮ ಬದಲಾಯಿತು. ನಿಮ್ಮ ಮಕ್ಕಳ ಅಳತೆಯ ಲೈಫ್ ಜಾಕೆಟ್ ಎಲ್ಲಿದೆ ಎಂದು ಅಲ್ಲೇ ಕೇಳಿ.

ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಸಿ. ಹಡಗುಗಳಲ್ಲಿ ವಾಂತಿ ಭೇದಿ ಹರಡುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟು ಸಾಲುವುದಿಲ್ಲ.

ಹಂತ 12: ವಾಪಸ್ ಬರುವಾಗ

ಕೊನೆಯ ರಾತ್ರಿಯೇ ಕ್ಯಾಬಿನ್ ಬಿಲ್ಲನ್ನು ಸಾಲು ಸಾಲಾಗಿ ನೋಡಿ. ಬೆಳಗ್ಗೆ ಕೌಂಟರ್ ಮುಂದೆ ದೊಡ್ಡ ಸಾಲು ಇರುತ್ತದೆ. ಬ್ಯಾಗ್ ಒಡೆದಿದ್ದರೆ ಇಳಿಯುವ ಮೊದಲೇ ಬರೆದು ಕೊಡಿ. ಹಡಗು ಪ್ರಯಾಣಿಕರ ಬಗೆಗಿನ 1974ರ ಅಥೆನ್ಸ್ ಒಪ್ಪಂದ ಅನ್ವಯಿಸುವ ಕಡೆ, ಹೊರಗೆ ಕಾಣದ ಹಾನಿಯನ್ನು ತಿಳಿಸಲು 15 ದಿನ ಸಮಯವಿದೆ, ಕಣ್ಣಿಗೆ ಕಾಣುವ ಹಾನಿಗೆ ಅಷ್ಟು ಸಮಯವಿಲ್ಲ.

ಪಾರ್ಕಿಂಗ್‌ಗೆ ಬಂದ ಮೇಲೆ ಬ್ಯಾಗ್ ತುಂಬುವ ಮೊದಲು ಕಾರಿನ ಸುತ್ತ ಒಂದು ಸಲ ನಡೆಯಿರಿ. ಬಿಟ್ಟುಹೋಗುವ ದಿನ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಟ್ಟಿದ್ದರೆ ಅದರ ಜೊತೆ ಹೋಲಿಸಿ. ಹೊಸ ಗೀರು, ತಗ್ಗು ಕಂಡರೆ ಅಲ್ಲಿನ ಸಿಬ್ಬಂದಿಯಿಂದ ಬರೆಸಿಕೊಂಡು, ವಿಮೆ ಕಂಪನಿಗೆ ಅಲ್ಲಿಂದಲೇ ಫೋನ್ ಮಾಡಿ. ಗೇಟು ದಾಟಿದ ಮೇಲೆ ಅದು ಅಲ್ಲೇ ಆಯಿತು ಎಂದು ತೋರಿಸುವುದು ಕಷ್ಟ.